ಕಲಬುರಗಿ ಬಿಸಿಲಲ್ಲಿ ಕಡಲ ಮೀನು: ಜಾತ್ರೆಗೆ ಟ್ಯಾಂಕ್, ಪಂಚಮಿಗೆ ಮೀನು

ಶರಣಬಸವೇಶ್ವರ ಜಾತ್ರೆಯ ತೇರು ಎಳೆದು ವಾರವಾಗುವಷ್ಟರಲ್ಲಿ ನಮ್ಮ ಅಂಗಡಿಯ ಮುಂದೆ ಕೂಲರ್‌ಗಳ ಸಾಲು ನಿಲ್ಲುತ್ತದೆ. ಕಲಬುರಗಿಯಲ್ಲಿ ಕೂಲರ್, ಫ್ರಿಜ್, ಎಸಿ ರಿಪೇರಿ ನನ್ನ ಕೆಲಸ, ಹತ್ತೊಂಬತ್ತು ವರ್ಷವಾಯಿತು. ಮನೆಯ ಪಡಸಾಲೆಯಲ್ಲಿ ಆರು ವರ್ಷದಿಂದ ಉಪ್ಪುನೀರಿನ ಒಂದು ಟ್ಯಾಂಕ್ ಇದೆ. ಅದರಲ್ಲಿ ಸಮುದ್ರದ ಮೀನುಗಳಿವೆ. ಅಂಗಡಿಗೆ ಬಂದವರು ಫೋನಿನಲ್ಲಿ ಫೋಟೊ ನೋಡಿ, "ನಮಗೂ ಒಂದು ಕೂಡಿಸಿ ಕೊಡ್ರಿ" ಅನ್ನುತ್ತಾರೆ. ಗಾಜು, ಮೋಟರು ಕೂಡಿಸಿಕೊಡುವುದು ಒಂದು ದಿನದ ಕೆಲಸ. ಉಳಿದದ್ದನ್ನು ಅವರವರ ಮನೆಯಲ್ಲಿ ಅವರೇ ಮಾಡಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಾತು ಕಾಲದ್ದು. ಫೋನಿನಲ್ಲಿ ಸಿಗುವ ಹೆಚ್ಚಿನ ವಿಡಿಯೊಗಳು ಚಳಿ ದೇಶದವರು ಮಾಡಿದವು. ಕೊಳ್ಳಬೇಕಾದ ಸಾಮಾನಿನಲ್ಲಿ ಅವರಿಗೆ ಹೀಟರ್ ಮುಂದೆ ಬರುತ್ತದೆ. ನಮಗೆ ಹೀಟರ್ ಬೇಕಾಗುವುದು ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಮಾತ್ರ, 100 ವ್ಯಾಟಿನದು ಸಾಕು. ನಮ್ಮ ಪರೀಕ್ಷೆ ಇರುವುದು ಮೇ ತಿಂಗಳಲ್ಲಿ. ಹೊರಗೆ 42, 43 ಡಿಗ್ರಿ ಕಾಯುತ್ತಿರುವಾಗ ನಿಮ್ಮ ಟ್ಯಾಂಕಿನ ನೀರು 28ರ ಒಳಗೆ ನಿಲ್ಲುತ್ತದೋ ಇಲ್ಲವೋ ಎಂಬುದು ಮೀನು ತರುವ ಮೊದಲೇ ಗೊತ್ತಾಗಬೇಕು. ಹಾಗಾಗಿ ಜಾತ್ರೆಯ ಹೊತ್ತಿಗೆ ಟ್ಯಾಂಕ್ ಕೂಡಿಸಿರಿ. ಉಪ್ಪುನೀರು ತುಂಬಿ, ಮೋಟರು ಹಚ್ಚಿ, ಒಂದೂ ಮೀನಿಲ್ಲದೆ ಇಡೀ ಬೇಸಿಗೆ ಓಡಿಸಿರಿ. ಮಗಳ ಹಳೆಯ ನೋಟ್‌ಬುಕ್ ಒಂದನ್ನು ಪಕ್ಕದಲ್ಲಿ ಕಟ್ಟಿ ಇಟ್ಟು, ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 4ಕ್ಕೆ, ರಾತ್ರಿ 10ಕ್ಕೆ ನೀರಿನ ಉಷ್ಣತೆ ಬರೆಯಿರಿ. ಕಾರಹುಣ್ಣಿಮೆ ಕಳೆದು ಮಳೆ ಬಿದ್ದ ಮೇಲೆ ಆ ಪುಸ್ತಕ ನೋಡಿದರೆ ಮೀನು ತರಬೇಕೋ ಬೇಡವೋ ತಿಳಿಯುತ್ತದೆ. ತರುವುದಾದರೆ ನಾಗರ ಪಂಚಮಿಯ ಸುಮಾರಿಗೆ ತನ್ನಿರಿ. ನನಗೆ ಇದನ್ನು ಯಾರೂ ಹೇಳಿರಲಿಲ್ಲ, ಜನವರಿಯಲ್ಲಿ ಶುರು ಮಾಡಿದ್ದೆ.

ಸಣ್ಣ ಟ್ಯಾಂಕ್ ಸುಲಭ ಅನ್ನಿಸುತ್ತದೆ, ಆದರೆ ಅದೇ ಕಷ್ಟ. ನೀರು ಕಡಿಮೆ ಇದ್ದಷ್ಟೂ ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 10 ಮಿಲಿಮೀಟರ್ ಗಾಜು, ಇದು ನನ್ನದು. ಲೆಕ್ಕಕ್ಕೆ 190 ಲೀಟರ್. ಕಲ್ಲು, ಮರಳು ಹಾಕಿ, ಮೇಲೆ ನಾಲ್ಕು ಬೆರಳು ಬಿಟ್ಟರೆ ನೀರು 160 ಲೀಟರ್ ಹಿಡಿಯುತ್ತದೆ. ಗಾಜು ಒಂದೇ 40 ಕಿಲೊ ತೂಗುತ್ತದೆ, ಎಲ್ಲ ಸೇರಿ 250 ಕಿಲೊ ಹತ್ತಿರ. ಕಬ್ಬಿಣದ ಸ್ಟ್ಯಾಂಡ್ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ನಾನು ಸಿಮೆಂಟ್ ಇಟ್ಟಿಗೆಯ ಮೂರು ಕಂಬ ಎಬ್ಬಿಸಿ ಮೇಲೆ ಶಹಾಬಾದ್ ಫರಸಿ ಹಾಸಿದೆ. ಎರಡೇ ಕಂಬದ ಮೇಲೆ ಹಾಸಿದರೆ ಕಲ್ಲು ನಡುವೆ ಸೀಳಬಹುದು, ಮಧ್ಯದ ಕಂಬ ಬಿಡಬೇಡಿರಿ. ಗೌಂಡಿಗಳು ಮಟ್ಟ ನೋಡುವ ನೀರಿನ ಪೈಪಿನಿಂದ ಮಟ್ಟ ನೋಡಿ, ಮೇಲೆ ಥರ್ಮೋಕೋಲ್ ಹಾಳೆ ಹಾಸಿ, ಆಮೇಲೆ ಗಾಜು ಇಡಿರಿ. ಪಶ್ಚಿಮದ ಗೋಡೆಗೆ ಹಚ್ಚಬೇಡಿರಿ. ಆ ಗೋಡೆ ಸಂಜೆ ಕಾದು ರಾತ್ರಿ 11ರ ತನಕ ಧಗೆ ಬಿಡುತ್ತಿರುತ್ತದೆ, ಅಂಗೈ ಇಟ್ಟರೆ ಗೊತ್ತಾಗುತ್ತದೆ. ಮಾಳಿಗೆಯ ಮೇಲಿನ ಕೋಣೆ ಅಂತೂ ಬೇಡವೇ ಬೇಡ. ನೆಲಮನೆಯಲ್ಲಿ ಉತ್ತರಕ್ಕಿರುವ ಕೋಣೆ ಒಳ್ಳೆಯದು.

ಇನ್ನು ನೀರು. ನಮ್ಮ ಮನೆಯ ಬೋರಿನ ನೀರು, ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಮೀಟರಿನಲ್ಲಿ 900 ದಾಟುತ್ತದೆ. ಕೊಡದ ಒಳಗೆ ಬಿಳಿ ಗಾರೆಯಂತೆ ಕೂಡುವುದು ನಿಮಗೂ ಗೊತ್ತು. ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡನ್ನೂ ನೇರವಾಗಿ ಬಳಸಬೇಡಿರಿ. ನೀರಿನೊಡನೆ ಬರುವ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಪಾಚಿಗೆ ಊಟ, ಎರಡೇ ವಾರದಲ್ಲಿ ಗಾಜು, ಮರಳು ಎಲ್ಲ ಕಂದು ಬಣ್ಣಕ್ಕೆ ತಿರುಗುತ್ತವೆ. ಕುಡಿಯುವ ನೀರಿನ ಆರ್‌ಓ ಮಷೀನು ನಮ್ಮ ಮನೆಯಲ್ಲಿ 900 ಅನ್ನು 50, 60ಕ್ಕೆ ಇಳಿಸುತ್ತದೆ. ಅದರಿಂದ ಹೊರಬರುವ ನೀರಿನ ದಾರಿಗೆ, ಉಳಿದ ಲವಣ ಹೀರುವ ಡಿಐ ರೆಸಿನ್ ತುಂಬಿದ ಒಂದು ಕೊಳವೆ ಹಚ್ಚಿದರೆ ಸೊನ್ನೆ. ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ಹೊರಗೆ ಹೋಗುತ್ತದೆ. ಅವ್ವ ಇದನ್ನು ನೋಡಿ, "ತಮ್ಮಾ, ಬ್ಯಾಸಿಗ್ಯಾಗ ಮಂದಿ ಕೊಡ ಹಿಡಕೊಂಡು ಅಡ್ಡಾಡ್ತಾರ, ನೀ ಹಿಂಗ ಹರಿ ಬಿಡ್ತಿಯಲ್ಲ" ಅಂದಳು. ಅವಳ ಮಾತು ನನಗೆ ನಟ್ಟಿತು. ಅಂದಿನಿಂದ ಆ ನೀರನ್ನು ಡ್ರಮ್ಮಿಗೆ ಹಿಡಿದು ಪಾಯಖಾನೆಗೆ, ಅಂಗಳ ತೊಳೆಯಲಿಕ್ಕೆ ಬಳಸುತ್ತೇವೆ, ಒಂದು ಚೊಂಬೂ ಮೋರಿಗೆ ಹೋಗುವುದಿಲ್ಲ. ಅದನ್ನು ಕೂಲರಿಗೆ ಮಾತ್ರ ಹಾಕಬೇಡಿರಿ, ಹುಲ್ಲಿನ ಪ್ಯಾಡಿಗೆ ಸುಣ್ಣ ಕಟ್ಟಿ ಒಂದೇ ಹಂಗಾಮಿಗೆ ಕಲ್ಲಾಗುತ್ತದೆ.

"ಅಡುಗೆ ಉಪ್ಪು ಹಾಕಿದರೆ ನಡೆಯೂದಿಲ್ಲೇನು?" ಎಂದು ಎಲ್ಲರೂ ಕೇಳುತ್ತಾರೆ. ನಡೆಯುವುದಿಲ್ಲ. ಒಂದು ಕಿಲೊ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ಸೋಡಿಯಂ, ಕ್ಲೋರೈಡ್ ನೂರಕ್ಕೆ 85 ಪಾಲು. ಉಳಿದ 15ರಲ್ಲಿ ಸಲ್ಫೇಟ್, ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬೊನೇಟ್ ಇವೆ. ಮೀನಿನ ಮೈ ನಡೆಯುವುದು, ನೀರು ಹುಳಿಯೋ ಕ್ಷಾರವೋ ಎಂದು ತೋರಿಸುವ ಪಿಎಚ್ 8.1ರಿಂದ 8.4ರ ನಡುವೆ ನಿಲ್ಲುವುದು ಆ 15 ಪಾಲೂ ಇದ್ದರೇ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಮುದ್ರದ ಉಪ್ಪಿನ ಮಿಶ್ರಣವನ್ನೇ ತರಬೇಕು. 160 ಲೀಟರಿಗೆ ಸುಮಾರು 6 ಕಿಲೊ ಹಿಡಿಯುತ್ತದೆ. ನೀಲಿ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಉಪ್ಪು, ಒಳಗೆ ಒಂದು ಮೋಟರು ಬಿಟ್ಟು ಒಂದು ದಿನ ತಿರುಗಿಸಿರಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಹಿಟ್ಟಾಗಿ ತಳಕ್ಕೆ ಕೂಡುತ್ತದೆ, ಮತ್ತೆ ಕರಗುವುದಿಲ್ಲ. ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಅಳೆಯಲಿಕ್ಕೆ ರಿಫ್ರಾಕ್ಟೋಮೀಟರ್ ಕೊಳ್ಳಿರಿ. ಅದನ್ನು ಬರೀ ಆರ್‌ಓ ನೀರಿನಿಂದಲ್ಲ, 35ರ ಅಳತೆಯ ದ್ರಾವಣದಿಂದ ಸರಿಹೊಂದಿಸಬೇಕು. 35, ಅಂದರೆ ಸಾದಾ ನೀರಿಗೆ ಹೋಲಿಸಿದರೆ ಸಾಂದ್ರತೆ 1.025ರಿಂದ 1.026 ಪಟ್ಟು, ಅಲ್ಲಿಗೆ ಬಂದರೆ ನೀರು ಬರೋಬ್ಬರಿ.

ಕಲ್ಲಿನ ವಿಷಯ. ಸಮುದ್ರದಿಂದ ಕಿತ್ತ ಹವಳವನ್ನು ಯಾರಾದರೂ ಮಾರಲು ಬಂದರೆ ಮುಟ್ಟಬೇಡಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಬಂಡೆ ಕಟ್ಟುವ ಹವಳಗಳೂ ಇವೆ, ಸಮುದ್ರ ಕುದುರೆಯೂ ಇದೆ. ಹುಲಿಗೆ ಯಾವ ರಕ್ಷಣೆಯೋ ಅವಕ್ಕೂ ಅದೇ. ಒಂದು ಹವಳದ ಗುಡ್ಡೆ ಬೆಳೆಯಲು ಎಷ್ಟು ವರ್ಷ ಬೇಕೆಂದು ಗೊತ್ತಿದ್ದವರು ಅದನ್ನು ಪಡಸಾಲೆಯ ಚೆಂದಕ್ಕೆ ತರಲಾರರು. ನಾನು ಬರೀ ಮೀನಿನ ಟ್ಯಾಂಕ್ ಇಟ್ಟಿದ್ದೇನೆ. ಅದರಲ್ಲಿ 18 ಕಿಲೊ ರಂಧ್ರಗಳಿರುವ ಒಣ ಅರಗೊನೈಟ್ (ಸುಣ್ಣದ ಒಂದು ಬಗೆಯ ಖನಿಜ) ಕಲ್ಲು, ಒಂದು ಇಂಚು ಅರಗೊನೈಟ್ ಮರಳು.

ನಮ್ಮ ಶಹಾಬಾದ್ ಕಲ್ಲು ಹಾಕಬಾರದೇ ಎಂದು ನಾನೂ ಯೋಚಿಸಿದೆ. ಅದು ಸುಣ್ಣದ ಕಲ್ಲು, ಲಿಂಬೆರಸ ಹಿಂಡಿದರೆ ನೊರೆ ಏಳುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಈ ಭೀಮಾ ಸೀಮೆಯಲ್ಲಿ ಆಳವಿಲ್ಲದ ಸಮುದ್ರವಿದ್ದಾಗ ತಳಕ್ಕೆ ಕೂತ ಸುಣ್ಣವೇ ನಮ್ಮ ಮನೆಗಳ ನೆಲವಾಗಿದೆ. ಇದನ್ನು ತಿಳಿದ ದಿನ ನಾನು ಫರಸಿಯ ಮೇಲೆ ಬರಿಗಾಲಲ್ಲಿ ಬಹಳ ಹೊತ್ತು ನಿಂತಿದ್ದೆ. ಆದರೆ ಅದು ಗಟ್ಟಿ ಕಲ್ಲು, ಒಳಗೆ ರಂಧ್ರವಿಲ್ಲ, ಬ್ಯಾಕ್ಟೀರಿಯಾಗಳಿಗೆ ಮನೆ ಸಾಲುವುದಿಲ್ಲ. ಮೀನು ಅಡಗಲು ಗವಿ ಮಾಡಲಿಕ್ಕೆ ಎರಡು ಮೂರು ಚಪ್ಪಟೆ ತುಂಡು ಹಾಕಬಹುದು. ಹೊಳೆಯುವ ಕಣ, ತುಕ್ಕಿನ ಗೆರೆ ಇರುವ ತುಂಡು ಬೇಡ. ಕಲ್ಲುಗಳನ್ನು ಗಾಜಿನ ತಳದ ಮೇಲೆ ಕೂಡಿಸಿ ಆಮೇಲೆ ಮರಳು ಸುರಿಯಿರಿ. ಮರಳಿನ ಮೇಲೆ ಕೂಡಿಸಿದರೆ ಮೀನು ಕೆದರಿದಾಗ ಕುಸಿಯುತ್ತದೆ.

ಮೋಟರುಗಳಲ್ಲಿ ಬೇಕಾದವು ಎರಡು. ಮೊದಲನೆಯದು ನೀರನ್ನು ತಿರುಗಿಸುವ ವೇವ್‌ಮೇಕರ್, ಗಂಟೆಗೆ ಟ್ಯಾಂಕಿನ ಹತ್ತರಿಂದ ಇಪ್ಪತ್ತು ಪಟ್ಟು ನೀರು ದೂಡುವಂಥದ್ದು. ಎರಡನೆಯದು ಪ್ರೋಟೀನ್ ಸ್ಕಿಮ್ಮರ್. ಅದು ಸಣ್ಣ ಗುಳ್ಳೆ ಎಬ್ಬಿಸಿ, ಹೊಲಸನ್ನು ನೊರೆಗೆ ಅಂಟಿಸಿ ಮೇಲಿನ ಬಟ್ಟಲಿಗೆ ಚೆಲ್ಲುತ್ತದೆ. ಕಂದು ಬಣ್ಣದ, ನಾರುವ ನೀರು ಬಟ್ಟಲಲ್ಲಿ ಕೂಡುತ್ತಿದ್ದರೆ ಅದು ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಕರೆಂಟಿನ ಬೋರ್ಡು ಟ್ಯಾಂಕಿನ ಬದಿಗಿರಲಿ, ಕೆಳಗೆ ಬೇಡ. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರಲಿ, ಹನಿ ಇಳಿದರೆ ನೆಲಕ್ಕೆ ಬೀಳಬೇಕು. ಕರೆಂಟ್ ಸೋರಿದ ಕೂಡಲೇ ತಾನೇ ಬಂದ್ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಉಪ್ಪುನೀರಿನಲ್ಲಿ ಕೈ ಹಾಕಬೇಡಿರಿ. ಇದರಲ್ಲಿ ರಿಯಾಯಿತಿ ಇಲ್ಲ.

ಬೇಸಿಗೆಯಲ್ಲಿ ಖಾಲಿ ಓಡುವ ಟ್ಯಾಂಕ್ ನಿಜಕ್ಕೂ ಖಾಲಿ ಇರುವುದಿಲ್ಲ, ಬ್ಯಾಕ್ಟೀರಿಯಾ ಬೆಳೆಯುತ್ತಿರುತ್ತವೆ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಕೊನೆಯದು ಅಷ್ಟು ಅಪಾಯದ್ದಲ್ಲ, ನೀರು ಬದಲಿಸಿ ತೆಗೆಯಬಹುದು. ಈ ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ಮೀನು ಬರುವ ಮೊದಲೇ ಅವಕ್ಕೆ ಅಮೋನಿಯಾ ಉಣಿಸಬೇಕು. ಕಲಾಯಿ ಹಾಕುವವರು ಬಳಸುವ ನವಸಾಗರ ಇದೆಯಲ್ಲ, ಅದು ಅಮೋನಿಯಂ ಕ್ಲೋರೈಡೇ. ಬಜಾರಿನದರಲ್ಲಿ ಕಲಬೆರಕೆ ಇರಬಹುದು, ಪ್ರಯೋಗಶಾಲೆಗೆ ಮಾರುವ ಶುದ್ಧದ್ದೇ ತನ್ನಿರಿ. 160 ಲೀಟರಿಗೆ 1 ಗ್ರಾಂ ಹಾಕಿದರೆ ಅಮೋನಿಯಾ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಬರುತ್ತದೆ. ಬಾಟಲಿಯ ಬ್ಯಾಕ್ಟೀರಿಯಾ ಸುರಿದು, ಎರಡು ದಿನಕ್ಕೊಮ್ಮೆ ಹನಿ ಹಾಕಿ ಬಣ್ಣ ನೋಡುವ ಕಿಟ್ಟಿನಿಂದ ಪರೀಕ್ಷಿಸಿರಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ, ಹಾಕಿದ 1 ಗ್ರಾಂ ಒಂದೇ ದಿನದಲ್ಲಿ ಕರಗಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುತ್ತವೆ. ಮೀನು ಬರುವ ತನಕ ವಾರಕ್ಕೊಮ್ಮೆ ಅದೇ ಅಳತೆ ಉಣಿಸುತ್ತಿರಿ, ಮೀನು ತರುವ ಮುಂಚೆ ಅರ್ಧ ನೀರು ಬದಲಿಸಿರಿ. ಮೀನು ಬಂದ ಮೇಲೆ ನವಸಾಗರದ ಡಬ್ಬಿ ಟ್ಯಾಂಕಿನ ಹತ್ತಿರವೂ ಇರಬಾರದು.

ಈಗ ಬಿಸಿಲು. ಇದು ನನ್ನ ಕಸುಬಿನ ಮಾತು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀರು ಆವಿಯಾಗುವಾಗ ಶಾಖ ಹೊತ್ತು ಹೋಗುತ್ತದೆ. ಒಂದು ಲೀಟರ್ ಆವಿಯಾಗಲು ಸುಮಾರು 580 ಕಿಲೊಕ್ಯಾಲೊರಿ ಬೇಕು. ಅದಷ್ಟೂ ಟ್ಯಾಂಕಿನ ನೀರಿನಿಂದಲೇ ಹೋದರೆ 160 ಲೀಟರ್ ನೀರು ಮೂರೂವರೆ ಡಿಗ್ರಿ ಇಳಿಯಬೇಕು. ಅತ್ತ ಕೋಣೆಯ ಧಗೆ ಮತ್ತೆ ಕಾಯಿಸುತ್ತಿರುವುದರಿಂದ ಪೂರ್ತಿ ಇಳಿಯುವುದಿಲ್ಲ. ಆದರೆ ನಮ್ಮ ಏಪ್ರಿಲ್ ಗಾಳಿ ಎಷ್ಟು ಒಣ ಎಂದರೆ, ನೀರಿನ ಮೇಲೆ ಓರೆಯಾಗಿ ಬೀಸುವ ಎರಡು ಸಣ್ಣ ಫ್ಯಾನ್ ಹಚ್ಚಿದರೆ ನನ್ನ ಟ್ಯಾಂಕಿನಲ್ಲಿ ಮೂರು, ನಾಲ್ಕು ಡಿಗ್ರಿ ವ್ಯತ್ಯಾಸ ಕಾಣುತ್ತದೆ. ಅದಕ್ಕೇ ಗಾಜಿನ ಮುಚ್ಚಳ ಬೇಡ, ಆವಿ ಹೊರಗೆ ಹೋಗಬೇಕು. ಮೀನು ಜಿಗಿಯದಂತೆ ಚೌಕಟ್ಟಿಗೆ ಸೊಳ್ಳೆ ಜಾಳಿಗೆ ಬಿಗಿದು ಮುಚ್ಚಿರಿ. ದೀಪವನ್ನು ಮಧ್ಯಾಹ್ನ ಉರಿಸಬೇಡಿರಿ, ಸಂಜೆ 6ರಿಂದ 11 ಸಾಕು.

ಇಲ್ಲಿ ಒಂದು ತೊಡಕು ಇದೆ. ಅದೇ ಕೋಣೆಯಲ್ಲಿ ಕೂಲರ್ ಓಡಿಸಿದರೆ ಕೋಣೆ ತಣ್ಣಗಾಗುತ್ತದೆ, ಆದರೆ ಗಾಳಿ ಹಸಿಯಾಗುತ್ತದೆ. ಹಸಿ ಗಾಳಿಯಲ್ಲಿ ಟ್ಯಾಂಕಿನ ನೀರು ಆವಿಯಾಗುವುದು ಕಡಿಮೆ, ಫ್ಯಾನಿನ ಕೆಲಸ ಅರ್ಧವಾಗುತ್ತದೆ. ಕಿಟಕಿ ಮುಚ್ಚಿ ಕೂಲರ್ ಹಚ್ಚಿದವರ ಮನೆಯಲ್ಲಿ ನೀರು 30 ದಾಟಿದ್ದು ನೋಡಿದ್ದೇನೆ. ಕೂಲರನ್ನು ಕಿಟಕಿಗೆ ಕೂಡಿಸಿ, ಎದುರಿನ ಬಾಗಿಲು ಒಂದು ಗೇಣು ತೆರೆದಿಡಿರಿ. ಹಸಿ ಗಾಳಿ ಹೊರಗೆ ಹೋಗಲು ದಾರಿ ಸಿಕ್ಕರೆ ಎರಡೂ ಕೆಲಸ ಮಾಡುತ್ತವೆ. ಇಷ್ಟು ಮಾಡಿಯೂ ನಿಮ್ಮ ನೋಟ್‌ಬುಕ್ಕಿನಲ್ಲಿ ಮೇ ತಿಂಗಳ 4 ಗಂಟೆಯ ಅಂಕಿ 28ರ ಮೇಲೇ ಇದ್ದರೆ ಚಿಲ್ಲರ್, ಅಂದರೆ ನೀರು ತಣ್ಣಗೆ ಮಾಡುವ ಮಷೀನು, ಬೇಕು. ಹಳೆಯ ವಾಟರ್ ಕೂಲರಿನ ಕಾಯಿಲ್ ಬಿಚ್ಚಿ ನಾನೇ ಮಾಡಿಕೊಡಲೇ ಎಂದು ನನ್ನಂಥ ಮೆಕ್ಯಾನಿಕ್ ಕೇಳಿದರೆ ಒಪ್ಪಬೇಡಿರಿ. ಅದು ತಾಮ್ರ. ಉಪ್ಪುನೀರು ತಾಮ್ರವನ್ನು ತಿಂದು ನೀರಿಗೆ ಬಿಡುತ್ತದೆ, ಬಸವನಹುಳು, ಸೀಗಡಿ, ಏಡಿ ಅದರಿಂದ ಸಾಯುತ್ತವೆ. ಟೈಟಾನಿಯಂ ಕಾಯಿಲ್ ಇರುವ ಅಕ್ವೇರಿಯಂ ಚಿಲ್ಲರ್ ಮಾತ್ರ. ಅದು ಬಿಸಿ ಗಾಳಿ ಉಗುಳುವ ಬದಿ ಕೋಣೆಯ ಹೊರಗಿರಲಿ.

ಎರಡನೇ ವರ್ಷದ ಮೇ ತಿಂಗಳಲ್ಲಿ ಸೇಡಂನಲ್ಲಿ ಅಕ್ಕನ ಮಗಳ ಮದುವೆ. ಮನೆಗೆ ಬೀಗ ಹಾಕಿ ಹೋದೆವು. ಮಧ್ಯಾಹ್ನ ಕರೆಂಟ್ ಹೋಗಿತ್ತು. ಇನ್ವರ್ಟರ್ ಇತ್ತು, ಆದರೆ ನಾನು ಅದನ್ನು ಮನೆಯ ಫ್ಯಾನು, ಲೈಟಿಗೆ ಮಾತ್ರ ಕೊಟ್ಟಿದ್ದೆ, ಟ್ಯಾಂಕಿನ ಬೋರ್ಡಿಗೆ ಕೊಟ್ಟಿರಲಿಲ್ಲ. ರಾತ್ರಿ 9ಕ್ಕೆ ಬಂದು ನೋಡಿದರೆ ನೀರು 32.5. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ ಕ್ಲೌನ್ ಮೀನಿನಲ್ಲಿ ದೊಡ್ಡದು ಮೇಲ್ಗಡೆ ಬಾಯಿ ತೆರೆದು ತೆರೆದು ಉಸಿರಾಡುತ್ತಿತ್ತು. ಬೆಳಗಾಗುವುದರೊಳಗೆ ಸತ್ತಿತು. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅದನ್ನು ಕೊಂದದ್ದು ಬಿಸಿ ಮಾತ್ರ ಅಲ್ಲ, ನೀರು ನಿಂತದ್ದು. ಕಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಉಪ್ಪುನೀರಿನಲ್ಲಿ ಮೊದಲೇ ಸಿಹಿನೀರಿಗಿಂತ ಕಡಿಮೆ. ಅದೇ ಹೊತ್ತಿಗೆ ಮೀನಿಗೆ ಹೆಚ್ಚು ಬೇಕಾಗುತ್ತದೆ. ಈಗ 12 ವೋಲ್ಟಿನ 10 ವ್ಯಾಟ್ ವೇವ್‌ಮೇಕರ್ ಒಂದನ್ನು 26 ಆಂಪಿಯರ್-ಅವರ್ ಬ್ಯಾಟರಿಗೆ ಹಚ್ಚಿದ್ದೇನೆ. ಕರೆಂಟ್ ಹೋದ ಕೂಡಲೇ ಅದು ತಾನೇ ಶುರುವಾಗಿ ಒಂದು ಹಗಲು ರಾತ್ರಿ ಓಡುತ್ತದೆ. ಮನೆಯ ಇನ್ವರ್ಟರಿಗೇ ಹಚ್ಚುವುದಾದರೆ ಸೈನ್‌ವೇವ್ ಇನ್ವರ್ಟರ್ ಇರಲಿ, ಹಳೆಯ ಸ್ಕ್ವೇರ್‌ವೇವ್‌ನಲ್ಲಿ ಮೋಟರು ಗುಂಯ್ಗುಡುತ್ತಾ ಕಾಯುತ್ತದೆ. ಫ್ರೀಜರಿನಲ್ಲಿ ಬೇಸಿಗೆಯಿಡೀ ಒಂದೊಂದು ಲೀಟರಿನ ನಾಲ್ಕು ಬಾಟಲಿ ನೀರು ಹೆಪ್ಪುಗಟ್ಟಿಸಿ ಇಟ್ಟಿರುತ್ತೇನೆ. ಒಂದು ಬಾಟಲಿ ತೇಲಿಬಿಟ್ಟರೆ 160 ಲೀಟರಿಗೆ 0.7 ಡಿಗ್ರಿ ಇಳಿಯುತ್ತದೆ, ಅಷ್ಟೇ. ಆದ್ದರಿಂದ ಒಂದಾದ ಮೇಲೊಂದು ಬಿಡಿರಿ, ನಾಲ್ಕನ್ನೂ ಒಮ್ಮೆಗೇ ಬಿಟ್ಟು ಮೀನಿಗೆ ಆಘಾತ ಕೊಡಬೇಡಿರಿ.

ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಮೇ ತಿಂಗಳಲ್ಲಿ ನನ್ನ ಟ್ಯಾಂಕ್ ದಿನಕ್ಕೆ 4ರಿಂದ 5 ಲೀಟರ್ ಕುಡಿಯುತ್ತದೆ. ಮೂರು ದಿನ ತುಂಬದಿದ್ದರೆ 15 ಲೀಟರ್ ಹೋಗಿ, 35 ಇದ್ದ ಉಪ್ಪು 38 ದಾಟುತ್ತದೆ. ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಹಾಕಿ, ದಿನಾ ಬೆಳಿಗ್ಗೆ ಗೆರೆ ಮುಟ್ಟುವ ತನಕ ಸಾದಾ ಆರ್‌ಓ-ಡಿಐ ನೀರು ತುಂಬಿರಿ, ಉಪ್ಪುನೀರಲ್ಲ. ಈ ಹಂಗಾಮಿನಲ್ಲಿ ನನಗೆ ಬೆಳಿಗ್ಗೆ 7ಕ್ಕೇ ಗಿರಾಕಿಗಳ ಫೋನು ಶುರು. ಅದಕ್ಕೆ ಐದೂವರೆಗೆ ಎದ್ದು ಮೊದಲು ಟ್ಯಾಂಕಿನ ನೀರು ತುಂಬಿಯೇ ಚಹಾ ಕುಡಿಯುತ್ತೇನೆ.

ಮೀನು ಕೊಳ್ಳುವಾಗ ಸಾಕಿ ಬೆಳೆಸಿದ ಮೀನನ್ನೇ ಕೇಳಿರಿ. ಕ್ಲೌನ್ ಮೀನನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ಬೆಳೆಸಿದೆ. ಅಂಥ ಮೀನು ಗಟ್ಟಿ, ಕಾಳಿನ ಆಹಾರ ತಿನ್ನಲು ಕಲಿತಿರುತ್ತದೆ, ಸಮುದ್ರವೂ ಬರಿದಾಗುವುದಿಲ್ಲ. ಒಂದು ದೊಡ್ಡದು, ಒಂದು ಸಣ್ಣದು ತನ್ನಿರಿ. ಅವೆಲ್ಲ ಹುಟ್ಟುವಾಗ ಗಂಡೇ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಬದಲಾಗುತ್ತದೆ. ಮೊದಲ ವರ್ಷ ಮೂರು, ನಾಲ್ಕು ಮೀನಿಗಿಂತ ಹೆಚ್ಚು ಬೇಡ. ದೊಡ್ಡದಾಗಿ ಬೆಳೆಯುವ ನೀಲಿ ಟ್ಯಾಂಗ್ ಮೀನು ಎಷ್ಟೇ ಚೆಂದ ಕಂಡರೂ 3 ಅಡಿ ಅದಕ್ಕೆ ಸೆರೆಮನೆ.

ನನ್ನ ಮೀನು ಬಂದದ್ದು ಮುಂಬೈಯಿಂದ, ಹುಸೇನ್‌ಸಾಗರ ಎಕ್ಸ್‌ಪ್ರೆಸ್ಸಿನಲ್ಲಿ, ಥರ್ಮೋಕೋಲ್ ಡಬ್ಬಿಯಲ್ಲಿ. ಇಡೀ ರಾತ್ರಿ ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಅಲ್ಲಿ ಕೂಡಿದ ಅಮೋನಿಯಾ ಅಷ್ಟು ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದೊಡನೆ ಗಾಳಿ ತಾಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಅದಕ್ಕೆ ದೂರದಿಂದ ಬಂದ ಮೀನಿಗೆ, ಹೊಸ ನೀರಿಗೆ ಹೊಂದಿಕೊಳ್ಳಲೆಂದು, ಸಲೈನ್ ಪೈಪಿನಿಂದ ಗಂಟೆಗಟ್ಟಲೆ ಹನಿ ನೀರು ಬಿಡುತ್ತಾ ಕೂಡಬೇಡಿರಿ. ಅಂಗಡಿಯವರಿಗೆ ಮೊದಲೇ ಫೋನ್ ಮಾಡಿ ಅವರ ನೀರಿನ ಸಾಂದ್ರತೆ ಕೇಳಿಕೊಳ್ಳಿರಿ, ಎಷ್ಟೋ ಕಡೆ 1.020ರಲ್ಲೇ ಇಟ್ಟಿರುತ್ತಾರೆ. ಹೊಸ ಮೀನನ್ನು ಮೊದಲು ಬೇರೆಯಾಗಿ ಇಡಲಿಕ್ಕೆ ಒಂದು ಸಣ್ಣ ಟ್ಯಾಂಕ್ ಬೇಕು, ಅದರ ನೀರನ್ನು ಅದೇ ಅಳತೆಗೆ ತಂದಿಟ್ಟು, ಚೀಲವನ್ನು ಬಿಚ್ಚದೆ 20 ನಿಮಿಷ ತೇಲಿಬಿಟ್ಟು, ಬಿಚ್ಚಿದ ಕೂಡಲೇ ಮೀನನ್ನು ಮಾತ್ರ ಒಳಗೆ ಬಿಡಿರಿ. ಚೀಲದ ನೀರು ಮೋರಿಗೆ. ಉಪ್ಪನ್ನು ವಾರದ ತನಕ ನಿಧಾನ ಏರಿಸಿರಿ.

ಆ ಸಣ್ಣ ಟ್ಯಾಂಕಿನಲ್ಲಿ ಹೊಸ ಮೀನು ಒಂದು ತಿಂಗಳು ಇರಲೇಬೇಕು. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬರುವ ರೋಗ ಇದೆ. ಅದರ ಜೀವಿ ಮೀನಿನ ಮೈ ಬಿಟ್ಟು ಮರಳು, ಕಲ್ಲಿಗೆ ಅಂಟಿ, ಅಲ್ಲಿ ಒಂದು ನೂರಾಗಿ ಮತ್ತೆ ಮೀನು ಹುಡುಕುತ್ತದೆ. ದೊಡ್ಡ ಟ್ಯಾಂಕಿಗೆ ಸೇರಿದರೆ ಎಲ್ಲ ಮೀನನ್ನೂ ಹೊರಗೆ ತೆಗೆದು ಎರಡೂವರೆ ತಿಂಗಳು ಖಾಲಿ ಬಿಡಬೇಕು. ತಾಮ್ರದ ಔಷಧ ಕೊಡುವುದಿದ್ದರೂ ಸಣ್ಣ ಟ್ಯಾಂಕಿನಲ್ಲಿ ಮಾತ್ರ.

ಆಮೇಲಿನದು ರೂಢಿಯ ಕೆಲಸ. ಎರಡು ವಾರಕ್ಕೊಮ್ಮೆ 25 ಲೀಟರ್ ನೀರು ಬದಲಿ, ಅದೇ ಉಪ್ಪಿನ ಅಳತೆ, ಅದೇ ಉಷ್ಣತೆ ಇರಲಿ. ನೈಟ್ರೇಟ್ 20 ಪಿಪಿಎಂ ಒಳಗೆ ಇರಲಿ. ವಾರಕ್ಕೆ ಎರಡು ಸಲ ಸ್ಕಿಮ್ಮರಿನ ಬಟ್ಟಲು ತೊಳೆಯಿರಿ, ಎರಡು ತಿಂಗಳಿಗೊಮ್ಮೆ ಮೋಟರುಗಳನ್ನು ವಿನೆಗರಿನಲ್ಲಿ ನೆನೆಸಿ ಸುಣ್ಣ ಬಿಡಿಸಿರಿ. ಆಹಾರ ದಿನಕ್ಕೆ ಎರಡು ಚಿಟಿಕೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು.

ಊರಿಗೆ ಹೋಗುವಾಗ ಈಗ ಪಕ್ಕದ ಮನೆಯ ಹುಡುಗನಿಗೆ ಕೀಲಿ ಕೊಟ್ಟು ಹೋಗುತ್ತೇನೆ. ಅವನಿಗೆ ಹೇಳಿರುವುದು ಎರಡೇ ಕೆಲಸ: ಬೆಳಿಗ್ಗೆ ನೀಲಿ ಮುಚ್ಚಳದ ಕ್ಯಾನಿನಿಂದ ಗೆರೆಯ ತನಕ ನೀರು ತುಂಬು, ಸಂಜೆ 4ಕ್ಕೆ ಥರ್ಮಾಮೀಟರಿನ ಫೋಟೊ ಕಳಿಸು. ಆಹಾರದ ಡಬ್ಬಿ ಮಾತ್ರ ಅಲ್ಮಾರಿಯಲ್ಲಿ ಬೀಗ ಹಾಕಿ ಇಟ್ಟಿರುತ್ತೇನೆ. ಮೂರು ದಿನ ತಿನ್ನದಿದ್ದರೆ ದೊಡ್ಡ ಮೀನಿಗೆ ಏನೂ ಆಗುವುದಿಲ್ಲ. ಪ್ರೀತಿಯಿಂದ ಅವನು ಒಂದು ಮುಷ್ಟಿ ಹಾಕಿಬಿಟ್ಟರೆ ನಾನು ಬರುವಷ್ಟರಲ್ಲಿ ನೀರು ಕೆಟ್ಟಿರುತ್ತದೆ.